ಆ ಹುಡುಗಿ ನಿಮಗೇನಾಗಬೇಕು? ಕರ್ನಾಟಕದ 28 ಲೋಕಸಭಾ ಸಂಸದರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸಂಸದರೇ,

“ಆ ಹುಡುಗಿ ನಿಮಗೇನಾಗಬೇಕ್ರಿ ಮೇಡಂ?”

ಯಾದಗಿರಿ ಕಡೆಯ ಆಡಿಟರೊಬ್ಬರು ಫೋನಿನಲ್ಲಿ ನನ್ನನ್ನು ಹೀಗೆ ಕೇಳಿದ್ದು 2015ರಲ್ಲಿ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಇಂಗ್ಲೆಂಡಿನಿಂದ ಕಳಿಸಬೇಕೆಂದಿದ್ದ ಒಂದಿಷ್ಟು ದುಡ್ಡಿಗೆ ಕಾನೂನಿನಲ್ಲಿ ಎಲ್ಲಾದರೂ ದಾರಿ ಸಿಕ್ಕೀತೇ ಎಂದು ನನ್ನ ಪರವಾಗಿಯೇ ಹುಡುಕುತ್ತಿದ್ದರು. ಮಗಳೋ ತಂಗಿಯೋ ಆಗಿದ್ದರೆ ಕೆಲಸ ಸುಲಭವಿತ್ತು. “ಏನೂ ಆಗಬೇಕಿಲ್ಲ ಸರ್, ನಮ್ಮ ಓಣಿಯ ಹುಡುಗಿ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಹಂಗಾದ್ರ ತ್ರಾಸದರಿ” ಅಂದರು.

ಆ ಒಂದು ಪ್ರಶ್ನೆ ಹಿಡಿದುಕೊಂಡೇ ನಿಮಗೆ ಬರೆಯುತ್ತಿದ್ದೇನೆ. 28 ಮಂದಿಗೂ ಒಟ್ಟಿಗೆ ಬರೆಯುವುದಕ್ಕೆ ಕಾರಣವಿದೆ. ನಮ್ಮ ಕೈಕಾಲು ಕಟ್ಟಿರುವುದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಲ್ಲರೂ ಎಫ್‌ಸಿಆರ್‌ಎ ಅನ್ನುವುದು. ಅದು ಬದಲಾಗಬೇಕಾದರೆ ಸಂಸತ್ತಿನಲ್ಲೇ ಬದಲಾಗಬೇಕು. ನಿಮ್ಮ ಪಕ್ಷ ಯಾವುದೇ ಇರಲಿ, ನಿಮ್ಮ ಕ್ಷೇತ್ರದಿಂದ ಹೊರದೇಶಕ್ಕೆ ದುಡಿಯಲು ಹೋದ ಹೆಣ್ಣುಮಕ್ಕಳಿದ್ದಾರೆ. ಹತ್ತನೇ ತರಗತಿಗೆ ಪುಸ್ತಕ ಮಡಚಿಟ್ಟ ಹೆಣ್ಣುಮಕ್ಕಳೂ ಇದ್ದಾರೆ. ದುಡಿಯಲು ಹೋದವರು ಓದು ಬಿಟ್ಟವರಿಗೆ ಒದಗಬೇಕು ಅಂತಿದ್ದಾರೆ. ನಡುವೆ ದಾರಿ ಇಲ್ಲ.

ನಾನು ನರ್ಸು. 2003ರಲ್ಲಿ ಇಲ್ಲಿನ ಆಸ್ಪತ್ರೆಗಳು ಭಾರತದಿಂದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದಾಗ ಬಂದವಳು. ನಾನು ಹೊರಟಾಗ ನಮ್ಮೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಯಾದಗಿರಿ ಬೇರೆ ಜಿಲ್ಲೆಯಾದದ್ದು 2010ರಲ್ಲಿ. ಗುಲಬರ್ಗಾ ಕಲಬುರಗಿಯಾದದ್ದು 2014ರಲ್ಲಿ, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾದದ್ದು 2019ರಲ್ಲಿ. ರಜೆಗೆ ಹೋದಾಗಲೆಲ್ಲ ಊರಿನ ವಿಳಾಸ ಬದಲಾಗಿರುತ್ತಿತ್ತು. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಯಾದಗಿರಿ ಜಿಲ್ಲೆಯಲ್ಲಿ, ಸುಮಾರು ಶೇ 52. ಹೆಣ್ಣುಮಕ್ಕಳದ್ದಷ್ಟೇ ಲೆಕ್ಕ ಹಾಕಿದರೆ ಶೇ 41. ಈ ಅಂಕಿಗಳು ನಿಮಗೆ ಗೊತ್ತಿರುತ್ತವೆ. ಆ ಅಂಕಿಯೊಳಗಿನ ಒಂದು ಮುಖವನ್ನು ನಾನು ಹತ್ತಿರದಿಂದ ಕಂಡದ್ದನ್ನು ಹೇಳಬೇಕು.

2014ರ ಡಿಸೆಂಬರ್. ತಮ್ಮನ ಮದುವೆಗೆಂದು ಊರಿಗೆ ಹೋಗಿದ್ದೆ. ಬೆಳಿಗ್ಗೆ ಏಳೂ ಆಗಿರಲಿಲ್ಲ. ಹನುಮಪ್ಪನ ಗುಡಿ ಮುಂದೆ ಟಂಟಂ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ, ನಿಂತಿತ್ತು, ಹತ್ತಿ ಬಿಡಿಸಲು ಹೋಗುವವರು ಹತ್ತುತ್ತಿದ್ದರು. ನಮ್ಮ ಕಡೆಯ ಟಂಟಂ ನೋಡಿದವರಿಗೆ ಗೊತ್ತು, ಕೂರುವವರಿಗಿಂತ ಜೋತು ನಿಲ್ಲುವವರೇ ಜಾಸ್ತಿ. ಹಿಂದೆ ಕಂಬಿ ಹಿಡಿದು ನಿಂತವಳು ನಮ್ಮ ಎದುರುಮನೆಯ ಹುಡುಗಿ. ಬುತ್ತಿ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆರು ತಿಂಗಳ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಶೇ 84 ತೆಗೆದವಳು ಅವಳೇ ಅಂತ ಅವ್ವ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಟ್ರಂಕಿನ ತಳದಿಂದ ಅಂಕಪಟ್ಟಿ ತೆಗೆದು ತೋರಿಸಿದಳು. ಸೀರೆ ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರು. ಅದನ್ನು ಬಿಚ್ಚುವಾಗ ಅವಳ ಬೆರಳು ನೋಡಿದೆ. ಹತ್ತಿಕಾಯಿಯ ಒಣ ಸಿಪ್ಪೆಯ ಮೊನೆ ಚುಚ್ಚಿ ಚುಚ್ಚಿ ಉಗುರಿನ ಸುತ್ತ ಸೀಳಿತ್ತು. ಕವರು ಹಿಡಿಯುವಾಗ ಬೆರಳ ತುದಿ ತಾಕದ ಹಾಗೆ ಗೆಣ್ಣಿನಿಂದ ಹಿಡಿಯುತ್ತಿದ್ದಳು.

“ನರ್ಸಿಂಗ್ ಮಾಡ್ಬೇಕಂದ್ರ ಸೈನ್ಸೇ ತಗೋಬೇಕೇನ್ರಿ ಅಕ್ಕ?” ಅಂದಳು.

ಸೈನ್ಸ್ ಇರುವ ಪಿಯು ಕಾಲೇಜು ತಾಲ್ಲೂಕು ಊರಿನಲ್ಲಿ, 18 ಕಿಲೋಮೀಟರ್. ಪ್ರಾಕ್ಟಿಕಲ್ ಕ್ಲಾಸು ಮುಗಿಯುವಷ್ಟರಲ್ಲಿ ಊರ ಕಡೆಯ ಕೊನೆ ಬಸ್ಸು ಹೋಗಿರುತ್ತದೆ. ಹಾಸ್ಟೆಲಿನಲ್ಲಿ ಸೀಟು ಸಿಕ್ಕಿರಲಿಲ್ಲ. ತಂದೆ ತಾಯಿ ದಸರಾ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುವವರು, ಕಟ್ಟಡದ ಕೆಲಸಕ್ಕೆ. ವಯಸ್ಸಿಗೆ ಬಂದ ಹುಡುಗಿಯನ್ನು ಎಲ್ಲಿ ಬಿಟ್ಟು ಹೋಗುವುದು? ಆ ತಾಯಿಗೆ ಮಗಳನ್ನು ಓದಿಸುವ ಆಸೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಂಕಪಟ್ಟಿಯನ್ನು ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟವಳು ಆ ತಾಯಿಯೇ.

ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಕಾಯುತ್ತದೆ. ಹದಿನೈದು ದಾಟಿದ ಹುಡುಗಿಗೆ ಆ ಕಾವಲು ಮುಗಿಯಿತು. ನಮ್ಮ ಕಡೆ ಹೆಣ್ಣುಮಕ್ಕಳ ಓದು ಮುರಿದು ಬೀಳುವುದು ಸರಿಯಾಗಿ ಅಲ್ಲಿಯೇ: ಹೈಸ್ಕೂಲು ಮುಗಿದು ಪಿಯುಸಿ ಶುರುವಾಗುವ ಆ ಮೂರು ತಿಂಗಳಲ್ಲಿ. ಫೀಸಿಗಿಂತ ದೊಡ್ಡ ಪ್ರಶ್ನೆ, ರಾತ್ರಿ ಎಲ್ಲಿ ಮಲಗಬೇಕು ಎನ್ನುವುದು.

ನನಗೂ ಅದೇ ಪ್ರಶ್ನೆ ಬಂದಿತ್ತು. ಉತ್ತರ ಕೊಟ್ಟವರು ನಮ್ಮ ಹೈಸ್ಕೂಲಿನ ಅಕ್ಕೋರು, ಅಂದರೆ ಟೀಚರು. ತಾಲ್ಲೂಕು ಊರಿನ ಅವರ ಮನೆಯ ಪಡಸಾಲೆಯಲ್ಲಿ ಎರಡು ವರ್ಷ ನನ್ನನ್ನು ಇಟ್ಟುಕೊಂಡು ಪಿಯುಸಿ ಓದಿಸಿದರು. ನಾನು ಅವರಿಗೆ ಏನೂ ಆಗಬೇಕಿರಲಿಲ್ಲ. ಜಾತಿಯೂ ಬೇರೆ. ಅವರ ಬಳಗದವರು ಬಂದಾಗ ಅಡುಗೆಮನೆ ಬಾಗಿಲಲ್ಲಿ ಏನೇನು ಪಿಸುಮಾತಾಗುತ್ತಿತ್ತು ಎಂಬುದು ನನ್ನ ಕಿವಿಗೂ ಬೀಳುತ್ತಿತ್ತು. ಅಕ್ಕೋರು ಮಾತ್ರ ನನ್ನ ತಾಟನ್ನು ತಮ್ಮ ಮಕ್ಕಳ ತಾಟಿನ ಪಕ್ಕದಲ್ಲೇ ಇಡುತ್ತಿದ್ದರು. ಹಿಂದಿನ ಕಾಲದ ವಾರಾನ್ನದ ಕಥೆಗಳನ್ನು ನೀವೆಲ್ಲ ಕೇಳಿದ್ದೀರಿ, ವಾರದ ಏಳು ದಿನ ಏಳು ಮನೆಯಲ್ಲಿ ಉಂಡು ಓದಿ ದೊಡ್ಡವರಾದ ಹುಡುಗರ ಕಥೆಗಳು. ಅದರಲ್ಲಿ ಎಲ್ಲ ಜಾತಿಯ ಹುಡುಗರಿಗೆ ಪಾಲಿರಲಿಲ್ಲ, ಹುಡುಗಿಯರಿಗಂತೂ ಇರಲೇ ಇಲ್ಲ. ಆಮೇಲೆ ಮಠಗಳು ಪ್ರಸಾದ ನಿಲಯ ತೆರೆದವು, ಸರ್ಕಾರ ಹಾಸ್ಟೆಲು ಕಟ್ಟಿತು. ಇವತ್ತು ಕರ್ನಾಟಕದಲ್ಲಿ ಓದಿದವರ ಎರಡು ತಲೆಮಾರು ಹಿಂದಕ್ಕೆ ಹೋದರೆ ಯಾರದೋ ಮನೆಯ, ಯಾವುದೋ ಮಠದ ಅನ್ನ ಸಿಕ್ಕೇ ಸಿಗುತ್ತದೆ. ಕೊಟ್ಟವರನ್ನು ಯಾರೂ “ಅವನು ನಿಮಗೇನಾಗಬೇಕು” ಎಂದು ಕೇಳಿರಲಿಲ್ಲ.

ಇಂಗ್ಲೆಂಡಿಗೆ ವಾಪಸ್ ಬಂದು ಗೆಳತಿಯರ ಮುಂದೆ ಆ ಹುಡುಗಿಯ ವಿಷಯ ತೆಗೆದೆ. ಹನ್ನೊಂದು ಮಂದಿ ಹೆಂಗಸರಾದೆವು. ಮೂವರು ನರ್ಸುಗಳು, ಇಬ್ಬರು ಡಾಕ್ಟರುಗಳು, ಗಂಡನ ಐಟಿ ಕೆಲಸಕ್ಕೆಂದು ಬಂದು ತಮ್ಮ ಕೆಲಸ ಬಿಟ್ಟವರು ನಾಲ್ವರು, ನರ್ಸರಿ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬರು, ಅಂಗಡಿಯ ಕ್ಯಾಷಿನಲ್ಲಿ ಕೂರುವ ಒಬ್ಬರು. ರಾಯಚೂರಿನವಳಿದ್ದಳು, ಧಾರವಾಡದವಳಿದ್ದಳು. ಹಾಸನದವಳು ಯಾದಗಿರಿಯನ್ನು ಕಣ್ಣಿಂದಲೂ ಕಂಡಿರಲಿಲ್ಲ, ಮೊದಲ ತಿಂಗಳ ದುಡ್ಡು ತಂದಿಟ್ಟವಳು ಅವಳೇ. ತಲೆಗೆ ತಿಂಗಳಿಗೆ 10 ಪೌಂಡ್, ಹೆಚ್ಚುಕಡಿಮೆ ಸಾವಿರ ರೂಪಾಯಿ. ಸಾಲದ್ದಕ್ಕೆ ನವೆಂಬರಿನ ರಾಜ್ಯೋತ್ಸವದಲ್ಲಿ ರೊಟ್ಟಿ ಮಳಿಗೆ ಹಾಕಿದೆವು. ಇಲ್ಲಿ ಜೋಳದ ಹಿಟ್ಟು ಸಿಗುವುದು ಗುಜರಾತಿಗಳ ಅಂಗಡಿಯಲ್ಲಿ, ಜುವಾರ್ ಎಂಬ ಹೆಸರಲ್ಲಿ. ಬೀಸಿ ಎಷ್ಟು ತಿಂಗಳಾಗಿರುತ್ತದೋ, ಹಿಟ್ಟಿನಲ್ಲಿ ಜಿಗಿಯೇ ಇರುವುದಿಲ್ಲ. ಕುದಿವ ಎಸರು ಹಾಕಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ. ಮೊದಲ ವರ್ಷ ಅರ್ಧಕ್ಕರ್ಧ ರೊಟ್ಟಿ ಹರಿದವು. ಹರಿದದ್ದನ್ನೂ ಜನ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಪೂರ್ತಿ ರೊಟ್ಟಿಯ ದುಡ್ಡು ಕೊಟ್ಟು ಹೋದರು.

ಆಡಿಟರು ಫೋನಿನಲ್ಲಿ “ಆ ಹುಡುಗಿ ನಿಮಗೇನಾಗಬೇಕು” ಎಂದು ಕೇಳಿದ್ದು ನಾವು ಮೊದಲು ದುಡ್ಡು ಕೂಡಿಸತೊಡಗಿದಾಗಲೇ. ಅವರು ಬಿಡಿಸಿ ಹೇಳಿದ ಮೇಲೆ ನಮಗೆ ತಿಳಿದದ್ದು ಇಷ್ಟು. ಹೊರದೇಶದಲ್ಲಿದ್ದರೂ ಭಾರತದ ಪೌರತ್ವ ಉಳಿಸಿಕೊಂಡವಳು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿಕೊಂಡವಳು ಕಳಿಸಿದರೆ ಅದು ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಒಸಿಐ ಕಾರ್ಡ್ ಅವಳ ಕೈಯಲ್ಲಿದ್ದರೂ ಅಷ್ಟೆ. ಎಲ್ಲರೂ ಸೇರಿ ಇಲ್ಲೊಂದು ಸಂಸ್ಥೆ ಮಾಡಿಕೊಂಡು ಕಳಿಸಿದರೂ ವಿದೇಶಿ ದೇಣಿಗೆಯೇ.

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ನಿಮಗೆ ಗೊತ್ತು. ನಾನು 2011ರಲ್ಲಿ ಬ್ರಿಟನ್ನಿನ ಪೌರತ್ವ ಪಡೆದೆ. ನನ್ನ ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಿ, ರದ್ದಾದ ಮುದ್ರೆಯೊಂದಿಗೆ ಅದು ಅಂಚೆಯಲ್ಲಿ ಮನೆಗೆ ವಾಪಸ್ ಬಂದ ದಿನ ಒಲೆ ಹಚ್ಚಲಿಲ್ಲ. ಪಾಸ್‌ಪೋರ್ಟ್ ಬದಲಾಯಿತು, ಇನ್ನೇನೂ ಬದಲಾಗಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಾಲ್ಕು ವರ್ಷದ ಮೇಲೆ ಗೊತ್ತಾಯಿತು, ನನ್ನ ಹತ್ತು ಪೌಂಡೂ ಬದಲಾಗಿತ್ತು. ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ನೋಟುಗಳಿದ್ದವು, ಎಲ್ಲದರಲ್ಲೂ ಅದೇ ರಾಣಿಯ ಚಿತ್ರ. ಭಾರತದ ಕಾನೂನಿನ ಕಣ್ಣಿಗೆ ಅದರಲ್ಲಿ ಎಂಟು ಮನೆಯ ದುಡ್ಡು, ಮೂರು ಪರದೇಶದ ದುಡ್ಡು.

ಕಾನೂನು ಮೀರುವ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನನ್ನ ದುಡ್ಡನ್ನು ಗೆಳತಿಯ ಕೈಗೆ ಕೊಟ್ಟು ಅವಳ ಹೆಸರಲ್ಲಿ ಕಳಿಸುವುದು ಸುಲಭವಿತ್ತು. ಆ ಮಾತು ಎತ್ತಿದವರಿಗೂ ನಾವು ಬೇಡ ಅಂದೆವು. ಭಾರತದ ಪಾಸ್‌ಪೋರ್ಟ್ ಇದ್ದ ಎಂಟು ಮಂದಿ ತಮ್ಮ ತಮ್ಮ ಖಾತೆಯಿಂದ ತಮ್ಮದೇ ದುಡ್ಡು ಕಳಿಸಿದರು. ನಿವೃತ್ತರಾಗಿದ್ದ ನಮ್ಮ ಅಕ್ಕೋರು ಮತ್ತು ಅವರ ಜೊತೆಯ ನಾಲ್ಕಾರು ಮಾಸ್ತರುಗಳು ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡು, ಪಿಯು ಕಾಲೇಜಿನ ಹತ್ತಿರ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದರು. ಅಡುಗೆಗೊಬ್ಬಳು, ರಾತ್ರಿ ಜೊತೆಗಿರಲು ಒಬ್ಬ ವಿಧವೆ ತಾಯಿ. 2015ರ ಜೂನಿನಲ್ಲಿ ಮೂವರು ಹುಡುಗಿಯರು ಬಂದರು. ಟಂಟಂನ ಕಂಬಿ ಹಿಡಿದು ನಿಂತಿದ್ದವಳು ಒಂದು ವರ್ಷ ತಡವಾಗಿ ಸೈನ್ಸಿಗೆ ಸೇರಿದಳು.

ಮನೆ ಒಂಬತ್ತು ಹುಡುಗಿಯರಾಗುವಷ್ಟು ಬೆಳೆಯಿತು. ಇತ್ತ ನಮ್ಮಲ್ಲಿ ಒಬ್ಬೊಬ್ಬರದೇ ಪಾಸ್‌ಪೋರ್ಟ್ ಬದಲಾಗುತ್ತ ಹೋಯಿತು. ಮಕ್ಕಳ ಓದು, ಕೆಲಸದ ಭದ್ರತೆ, ಪ್ರತಿ ಸಲ ವೀಸಾಕ್ಕೆ ಅಲೆಯುವ ಕಷ್ಟ, ಕಾರಣ ನೂರು. 2018ರ ಹೊತ್ತಿಗೆ ಎಂಟು ಇದ್ದದ್ದು ನಾಲ್ಕಾಯಿತು. ಆಗ ಇಲ್ಲಿ ದಾನ ಸಂಸ್ಥೆಗಳನ್ನು ನೋಡಿಕೊಳ್ಳುವ ಚಾರಿಟಿ ಕಮಿಷನ್ನಿನಲ್ಲಿ ನಮ್ಮದೊಂದು ಚಾರಿಟಿಯ ನೋಂದಣಿ ಮಾಡಿಸಿದೆವು. ಇಲ್ಲಿ ಇದರ ಬಗೆ ಹೇಗೆಂದರೆ, ತೆರಿಗೆ ಕಟ್ಟುವವರು ನೋಂದಾಯಿತ ಚಾರಿಟಿಗೆ 10 ಪೌಂಡ್ ಕೊಟ್ಟರೆ ಗಿಫ್ಟ್ ಏಡ್ ಎಂಬ ಪದ್ಧತಿಯಲ್ಲಿ ಸರ್ಕಾರ ಅದಕ್ಕೆ ಎರಡೂವರೆ ಪೌಂಡ್ ಸೇರಿಸುತ್ತದೆ. ಅಂದರೆ ಯಾದಗಿರಿಯ ಹುಡುಗಿಯ ಊಟಕ್ಕೆ ಬ್ರಿಟನ್ ಸರ್ಕಾರವೂ ಕಾಲು ಭಾಗ ಕೂಡಿಸಿ ಕೊಡಲು ತಯಾರಿತ್ತು. ಬದಲಿಗೆ ನಾವು ಲೆಕ್ಕ ಕೊಡಬೇಕು. ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಪ್ರತಿ ವರ್ಷ ಸಾರ್ವಜನಿಕ ದಾಖಲೆಯಲ್ಲಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಹೊರದೇಶಕ್ಕೆ ಹೋದ ದುಡ್ಡು ಸರಿಯಾದ ಕೆಲಸಕ್ಕೇ ಬಿತ್ತು ಎಂಬುದಕ್ಕೆ ಟ್ರಸ್ಟಿಗಳಾದ ನಾವೇ ಹೊಣೆ. ಜೀವಮಾನದಲ್ಲಿ ಮನೆಖರ್ಚಿನ ಪುಸ್ತಕ ಬಿಟ್ಟು ಬೇರೇನೂ ಬರೆದಿರದ ಹೆಂಗಸರು ರಾತ್ರಿ ಪಾಳಿ ಮುಗಿಸಿ ಬಂದು ರಸೀದಿ ಜೋಡಿಸಿದೆವು.

ಭಾರತದಲ್ಲಿ ಆ ಹಣ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಬೇಕು. ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಇಂತಿಷ್ಟು ಲಕ್ಷ ಖರ್ಚು ಮಾಡಿರಬೇಕು. 2020ರ ನಿಯಮದ ಪ್ರಕಾರ ಅದು 15 ಲಕ್ಷ. ನಮ್ಮ ಅಕ್ಕೋರ ಸಂಘ ಆ ಮೊತ್ತವನ್ನು ಕನಸಿನಲ್ಲೂ ಕಂಡಿರಲಿಲ್ಲ. ಹಾಗಾಗಿ ಬೆಂಗಳೂರಿನ ನೋಂದಾಯಿತ ಸಂಸ್ಥೆಯೊಂದು ನಮ್ಮ ಹಣ ಪಡೆದು, ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಂದು ನೋಂದಾಯಿತ ಸಂಸ್ಥೆಗೆ ವರ್ಗಾಯಿಸುತ್ತಿತ್ತು. ಆ ಸಂಸ್ಥೆ ಹುಡುಗಿಯರ ಮನೆಯನ್ನು ತನ್ನ ಕೆಲಸವೆಂದೇ ನಡೆಸುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು.

2020ರ ಸೆಪ್ಟೆಂಬರಿನಲ್ಲಿ ನೀವು, ಅಥವಾ ನಿಮಗಿಂತ ಮುಂಚೆ ನಿಮ್ಮ ಜಾಗದಲ್ಲಿ ಕೂತವರು, ಕಾಯ್ದೆಗೆ ತಿದ್ದುಪಡಿ ತಂದಿರಿ. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದು ಪೂರ್ತಿ ನಿಂತಿತು. ದೇಶದ ಯಾವ ಮೂಲೆಯ ಸಂಸ್ಥೆಯಾದರೂ ವಿದೇಶಿ ಹಣವನ್ನು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಯಲ್ಲಿ ಪಡೆಯಬೇಕೆಂದಾಯಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಕೊನೆಯದಕ್ಕೆ ನನ್ನ ತಕರಾರಿಲ್ಲ, ದಾನದ ದುಡ್ಡಿನಲ್ಲಿ ಅರ್ಧ ಆಫೀಸಿಗೇ ಹೋಗುವುದು ನನಗೂ ಸರಿ ಕಾಣುವುದಿಲ್ಲ. ದೆಹಲಿಯ ಖಾತೆಗೂ ತಕರಾರಿಲ್ಲ. ವರ್ಗಾವಣೆ ನಿಂತದ್ದು ಮಾತ್ರ ನಮ್ಮ ಮನೆಯ ಬಾಗಿಲಿಗೆ ಬಂದು ಬಡಿಯಿತು. ಬೆಂಗಳೂರಿನ ಸಂಸ್ಥೆ ಇನ್ನು ಕೊಡುವ ಹಾಗಿಲ್ಲ ಎಂದು ಪತ್ರ ಬರೆಯಿತು. ಜಿಲ್ಲೆಯ ಸಂಸ್ಥೆ ಇಬ್ಬರು ಹಿರಿಯರು ನಡೆಸುತ್ತಿದ್ದದ್ದು. ಹೊಸ ಖಾತೆ, ಹೊಸ ಅರ್ಜಿ, ನವೀಕರಣ, ಇಷ್ಟೆಲ್ಲ ಈ ವಯಸ್ಸಿನಲ್ಲಿ ನಮ್ಮಿಂದಾಗದು ತಂಗಿ ಎಂದು ಕೈಮುಗಿದರು.

ಆ ಹೊತ್ತಿಗೆ ಕೊರೊನಾ. ಮಾರ್ಚಿನಲ್ಲಿ ಊರಿಗೆ ಹೋದ ಹುಡುಗಿಯರು ಊರಲ್ಲೇ ಇದ್ದರು. 2021ರ ಜನವರಿ 1ರಂದು ದ್ವಿತೀಯ ಪಿಯುಸಿ ತರಗತಿಗಳು ಮತ್ತೆ ಶುರುವಾದವು. ಮನೆಯ ಬಾಡಿಗೆ ಕಟ್ಟಿರಲಿಲ್ಲ, ಮಾಲೀಕರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಇಲ್ಲಿ ನಮ್ಮ ಚಾರಿಟಿಯ ಖಾತೆಯಲ್ಲಿ ದುಡ್ಡಿತ್ತು. ಆ ವರ್ಷ ಎಂದೂ ಇಲ್ಲದಷ್ಟು ಬಂದಿತ್ತು, ಆಸ್ಪತ್ರೆಯಲ್ಲಿ ಜೊತೆಗೆ ದುಡಿದ ಇಂಗ್ಲಿಷರೂ ಫಿಲಿಪ್ಪೀನ್ಸಿನವರೂ ಕೊಟ್ಟಿದ್ದರು. 14 ತಿಂಗಳು ಅದು ಹಾಗೆಯೇ ಕೂತಿತು. ಒಂಬತ್ತು ಹುಡುಗಿಯರಲ್ಲಿ ನಾಲ್ವರು ಮಾತ್ರ ಹೇಗೋ ಕಾಲೇಜಿಗೆ ಮರಳಿದರು. ಇಬ್ಬರು ಬೆಂಗಳೂರಿಗೆ ಅಪ್ಪ ಅಮ್ಮನ ಜೊತೆ ಗುಳೆ ಹೋದರು. ಒಬ್ಬಳಿಗೆ ಹದಿನೆಂಟು ತುಂಬಿದ ಮರುತಿಂಗಳೇ ಮದುವೆಯಾಯಿತು. ಮದುವೆಯ ಫೋಟೊ ನನಗೂ ಕಳಿಸಿದ್ದಳು. “ನೀವು ಬರ್ತೀರಂದ್ಕೊಂಡಿದ್ದೆ ಅಕ್ಕ” ಅಂತ ಕೆಳಗೆ ಬರೆದಿದ್ದಳು. ಇನ್ನಿಬ್ಬರ ಫೋನ್ ನಂಬರೇ ಈಗ ಹತ್ತುವುದಿಲ್ಲ.

ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ವಿದೇಶಿ ದೇಣಿಗೆ ಪಡೆಯುವುದು ಯಾರದೂ ಪೂರ್ಣ ಹಕ್ಕಲ್ಲ ಎಂದು ಹೇಳಿತು. ಆ ತೀರ್ಪನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಹೊರಗಿನ ದುಡ್ಡು ದೇಶದ ಚುನಾವಣೆಯಲ್ಲಿ, ಆಡಳಿತದಲ್ಲಿ ಕೈಯಾಡಿಸಬಾರದು ಎಂಬ ಕಾಳಜಿ ಸರಿಯಾದದ್ದು. 1976ರಲ್ಲಿ ಮೊದಲ ಕಾಯ್ದೆ ಬಂದಾಗಿನಿಂದ, 2010ರಲ್ಲಿ ಹೊಸದು ಬಂದಾಗಲೂ, ಎಲ್ಲ ಪಕ್ಷದ ಸರ್ಕಾರಗಳೂ ಅದನ್ನು ಉಳಿಸಿಕೊಂಡು ಬಂದಿವೆ. ಹಕ್ಕು ಕೇಳಲು ನಾನು ಬರೆಯುತ್ತಿಲ್ಲ. ಒಂದು ಸಣ್ಣ ಕಿಂಡಿ ಕೇಳಲು ಬರೆಯುತ್ತಿದ್ದೇನೆ.

ಕಿಂಡಿ ಬಿಡುವುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 2022ರ ಜುಲೈನಲ್ಲಿ ಕೇಂದ್ರ ಗೃಹ ಸಚಿವಾಲಯ ನಿಯಮವೊಂದನ್ನು ಸಡಿಲಿಸಿತು. ಹೊರದೇಶದ ಸಂಬಂಧಿಕರಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಪಡೆದರೆ ಸರ್ಕಾರಕ್ಕೆ ತಿಳಿಸಬೇಕಾಗಿಲ್ಲ. ಮೊದಲು ಆ ಮಿತಿ 1 ಲಕ್ಷ ಇತ್ತು. ಒಳ್ಳೆಯ ಕೆಲಸ, ಎಷ್ಟೋ ಮನೆಗಳಿಗೆ ಅನುಕೂಲವಾಯಿತು. ಆದರೆ ಇದರ ಅರ್ಥ ನಮ್ಮೂರ ಓಣಿಯಲ್ಲಿ ನಿಂತು ನೋಡಿದರೆ ಏನಾಗುತ್ತದೆ, ಯೋಚಿಸಿ. ನನ್ನ ತಮ್ಮನಿಗೆ ನಾನು ವರ್ಷಕ್ಕೆ 10 ಲಕ್ಷ ಕಳಿಸಬಹುದು. ಅವನು ಅದರಲ್ಲಿ ಮೇಲಂತಸ್ತು ಕಟ್ಟಿಸಬಹುದು, ಕಾರು ಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಎದುರುಮನೆಯ ಹುಡುಗಿ ಇರುವ ಹಾಸ್ಟೆಲಿಗೆ ನಾವು ಹನ್ನೊಂದು ಮಂದಿ ಸೇರಿ 1 ಲಕ್ಷ ಕಳಿಸಬೇಕಾದರೆ ದೆಹಲಿಯ ತನಕ ಕಾಗದ ಹೋಗಬೇಕು.

ನಮ್ಮ ದೇಶದಲ್ಲಿ ಸಂಬಂಧ ಅಂದರೆ ಬಹುಮಟ್ಟಿಗೆ ಜಾತಿ. ದುಡ್ಡು ಸಂಬಂಧದೊಳಗೇ ಸಲೀಸಾಗಿ ಹರಿಯಲಿ, ಸಂಬಂಧದ ಆಚೆಗೆ ಹೋಗುವಾಗ ಗೇಟು ಹಾಕಿರಲಿ ಎಂದರೆ, ಹೊರದೇಶಕ್ಕೆ ಹೋದವರಿರುವ ಮನೆಗಳು ಇನ್ನೂ ಮೇಲೇಳುತ್ತವೆ, ಯಾರೂ ಹೋಗದ ಓಣಿ ಅಲ್ಲೇ ಇರುತ್ತದೆ. ಟಂಟಂನ ಕಂಬಿ ಹಿಡಿದ ಹುಡುಗಿಗೆ ವಿದೇಶದಲ್ಲಿ ಸಂಬಂಧಿಕರಿರುವುದಿಲ್ಲ. ಅದಕ್ಕೇ ಅವಳು ಅಲ್ಲಿ ನಿಂತಿದ್ದಾಳೆ.

ಇನ್ನೊಂದು ನೋವಿನ ಸಂಗತಿ. ಈಗ ನಮ್ಮಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಮೂವರೇ. ಅದರಲ್ಲಿ ಒಬ್ಬಳು ಬಂದು ಎರಡು ವರ್ಷವಾಗಿಲ್ಲ, ವೃದ್ಧಾಶ್ರಮದಲ್ಲಿ ಮುದುಕರ ಆರೈಕೆ ಮಾಡುತ್ತಾಳೆ, ಸಂಬಳ ನಮ್ಮೆಲ್ಲರಿಗಿಂತ ಕಡಿಮೆ. ಊರಿನ ಹುಡುಗಿಯರಿಗೆ ಪ್ರತಿ ತಿಂಗಳು ತಪ್ಪದೆ ದುಡ್ಡು ತಲುಪುತ್ತಿರುವುದು ಅವಳಿಂದ. ಇಪ್ಪತ್ತು ವರ್ಷದಿಂದ ಇಲ್ಲಿ ನೆಲೆ ನಿಂತ ನಾನು, ಕನ್ಸಲ್ಟೆಂಟ್ ಆಗಿರುವ ಡಾಕ್ಟರು, ನಾವು ಕೈಕಟ್ಟಿ ಕೂತಿದ್ದೇವೆ. ಭಾರ ಹೊರಲಾರದವಳ ತಲೆಯ ಮೇಲೆ ಬುಟ್ಟಿ ಇಟ್ಟು ಪಕ್ಕದಲ್ಲಿ ಬರಿಗೈಯಲ್ಲಿ ನಡೆದ ಹಾಗೆ ನನಗನಿಸುತ್ತದೆ.

ಊರು ಬಿಟ್ಟ ಹೆಂಗಸರು ಹೀಗೆ ಊರಿನ ಹೆಣ್ಣುಮಕ್ಕಳ ಓದಿಗೆ ನಿಂತದ್ದು ಹೊಸದಲ್ಲ, ನಮ್ಮಲ್ಲಿ ಮಾತ್ರವೂ ಅಲ್ಲ. ಅಫ್ಗಾನಿಸ್ತಾನದ ರಜಿಯಾ ಜಾನ್ 1970ರಲ್ಲಿ ಅಮೆರಿಕಕ್ಕೆ ಹೋಗಿ ಹೊಲಿಗೆ ಅಂಗಡಿ ನಡೆಸಿಕೊಂಡಿದ್ದವರು. 2008ರಲ್ಲಿ ಕಾಬೂಲಿನ ಹೊರಗಿನ ದೇ ಸಬ್ಜ್ ಎಂಬಲ್ಲಿ ಹುಡುಗಿಯರಿಗೆ ಉಚಿತ ಶಾಲೆ ತೆರೆದರು. ಯಾರಾದರೂ ವಿಷ ಹಾಕಿಯಾರೆಂಬ ಭಯಕ್ಕೆ ಅಲ್ಲಿ ದಿನಾ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ನೀರನ್ನು ಪರೀಕ್ಷಿಸುತ್ತಿದ್ದರು. ಕೆನ್ಯಾದ ಕಕೆನ್ಯಾ ನ್ತಾಯಾ ಮಾಸಾಯಿ ಸಮುದಾಯದವರು. ತಮ್ಮ ಹಳ್ಳಿಯಿಂದ ಅಮೆರಿಕಕ್ಕೆ ಓದಲು ಹೋದ ಮೊದಲ ಹುಡುಗಿ. 2009ರಲ್ಲಿ ಅದೇ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುಮಾಡಿದರು. ಅಫ್ಗಾನಿಸ್ತಾನದಲ್ಲಿ 2021ರ ಸೆಪ್ಟೆಂಬರಿನಿಂದ ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆಯ ಬಾಗಿಲನ್ನೇ ಮುಚ್ಚಲಾಗಿದೆ. ಅದನ್ನು ಓದಿದಾಗ ನನ್ನ ಎದೆ ಕಲಕುತ್ತದೆ. ನಮ್ಮ ರಾಜ್ಯದಲ್ಲಿ ಕಾಲೇಜಿನ ಬಾಗಿಲು ತೆರೆದೇ ಇದೆ. 2006ರಿಂದ ಹಲವು ವರ್ಷ ಸೈಕಲ್ ಕೊಟ್ಟರು, 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಇಷ್ಟೆಲ್ಲ ಇದ್ದೂ ಕೊನೆ ಬಸ್ಸು ತಪ್ಪಿದ ಹುಡುಗಿಗೆ ಮಲಗಲು ಒಂದು ಚಾಪೆಯ ಜಾಗ ಇಲ್ಲವೆಂದು ಓದು ನಿಲ್ಲುವುದಾದರೆ ಅದು ತಡೆಯಬಹುದಾದದ್ದು.

ನಾವು ಕೇಳುವುದು ಹೀಗಿದೆ. ಸಂಬಂಧಿಕರಿಗೆ 10 ಲಕ್ಷದ ಮಿತಿ ಇಟ್ಟ ಹಾಗೆಯೇ, ಭಾರತ ಮೂಲದವರು ಹೆಣ್ಣುಮಕ್ಕಳ ಓದಿಗೆಂದು ಕಳಿಸುವ ಸಣ್ಣ ಮೊತ್ತಕ್ಕೆ ಒಂದು ಮಿತಿ ಗೊತ್ತುಮಾಡಿ, ಅಷ್ಟರೊಳಗೆ ಸರಳ ದಾರಿ ಕೊಡಿ. 5 ಲಕ್ಷವಾದರೂ ಸರಿ, 3 ಲಕ್ಷವಾದರೂ ಸರಿ. ದೆಹಲಿಯ ಖಾತೆಗೇ ಬರಲಿ, ಕಳಿಸಿದವರ ಹೆಸರು, ಪಡೆದ ಹುಡುಗಿಯರ ಕಾಲೇಜು, ಖರ್ಚಿನ ಪ್ರತಿ ರಸೀದಿ ಜಿಲ್ಲಾಧಿಕಾರಿಗಳ ಮೇಜಿಗೆ ಹೋಗಲಿ. ಸರ್ಕಾರಿ ಹಾಸ್ಟೆಲಿಗೇ ಕೊಡಿ ಅಂದರೆ ಅದಕ್ಕೂ ಸಿದ್ಧ, ನಮ್ಮ ಹೆಸರಿನ ಫಲಕ ನಮಗೆ ಬೇಡ. ಒಂದು ಜಿಲ್ಲೆಯಲ್ಲಿ ಪರೀಕ್ಷೆಗೆಂದು ಎರಡು ವರ್ಷ ನಡೆಸಿ ನೋಡಿ. 15 ಲಕ್ಷ ಖರ್ಚು ತೋರಿಸಲಾಗದ ಹಳ್ಳಿಯ ಸಂಘಕ್ಕೂ ಅರ್ಜಿ ಹಾಕುವ ಶಕ್ತಿ ಬರಬೇಕು. ಅದಕ್ಕೆ ಅರ್ಜಿಯೂ ನಿಯಮವೂ ಕನ್ನಡದಲ್ಲಿ ಸಿಗಬೇಕು, ಜಿಲ್ಲಾ ಕಚೇರಿಯಲ್ಲಿ ಒಬ್ಬರಾದರೂ ತಿಳಿಸಿ ಹೇಳುವವರು ಇರಬೇಕು. ನಮ್ಮ ಅಕ್ಕೋರಿಗೆ ಈಗ 76 ವರ್ಷ. ಇಂಗ್ಲಿಷಿನ ನಿಯಮಾವಳಿಯನ್ನು ಪ್ರಿಂಟು ಹಾಕಿಸಿಕೊಂಡು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಪೆನ್ಸಿಲಿನಲ್ಲಿ ಪದದ ಮೇಲೆ ಅರ್ಥ ಬರೆದುಕೊಂಡದ್ದನ್ನು ನಾನು ಕಳೆದ ಸಲ ಹೋದಾಗ ಕಣ್ಣಾರೆ ನೋಡಿದೆ. ನಾಲ್ಕನೇ ಪುಟಕ್ಕೆ ನಿಂತಿತ್ತು.

2024ರಲ್ಲಿ ನಮ್ಮ ರಾಜ್ಯದಿಂದ ಗೆದ್ದವರಲ್ಲಿ ಮೂವರು ಮಹಿಳೆಯರು. ಆ ಮೂವರನ್ನು ನಾನು ಬೇರೆಯಾಗಿ ಕೇಳಿಕೊಳ್ಳುತ್ತೇನೆ. ಈ ಮಾತನ್ನು ಸದನದಲ್ಲಿ ನೀವು ಎತ್ತಿ. ಹೆಣ್ಣುಮಗಳು ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದ 25 ಮಂದಿಗೆ ಇನ್ನೊಂದು ಕೋರಿಕೆ. ಕಾನೂನು ಬದಲಾಗಲು ಸಮಯ ಹಿಡಿಯುತ್ತದೆ, ಗೊತ್ತಿದೆ. ವರ್ಷಕ್ಕೆ 5 ಕೋಟಿ ಸಂಸದರ ನಿಧಿ ನಿಮ್ಮ ಕೈಯಲ್ಲಿದೆ. ನಿಮ್ಮ ಕ್ಷೇತ್ರದ ಸರ್ಕಾರಿ ಪಿಯು ಕಾಲೇಜುಗಳ ಪಟ್ಟಿ ತರಿಸಿ, ಯಾವುದರ ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲ್ ಇಲ್ಲ ನೋಡಿ. ಸಂಜೆ ಆರರ ಮೇಲೆ ಅಲ್ಲಿಂದ ಎಲ್ಲೆಲ್ಲಿಗೆ ಬಸ್ಸಿದೆ ಎಂದು ಒಮ್ಮೆ ಕೇಳಿ.

ಆ ಮೊದಲ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ನರ್ಸಿಂಗ್ ಮುಗಿಸಿ ಈಗ ಕಲಬುರಗಿಯ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ತಿಂಗಳಿಗೆ 500 ರೂಪಾಯಿ ಅಕ್ಕೋರ ಸಂಘಕ್ಕೆ ಕಳಿಸುತ್ತಾಳೆ, ಫೋನಿನಿಂದಲೇ, ಒಂದು ನಿಮಿಷದಲ್ಲಿ ತಲುಪುತ್ತದೆ. ಸಂಘ ಬೇರೊಂದು ಮನೆ ಹಿಡಿದಿದೆ, ಒಂದೇ ಕೋಣೆ, ಮೂವರು ಹುಡುಗಿಯರು. ಈ ವರ್ಷ ಇನ್ನಿಬ್ಬರು ಕೇಳಿದ್ದಾರೆ. ಇಬ್ಬರ ಅಂಕಪಟ್ಟಿಯೂ ನನ್ನ ವಾಟ್ಸಾಪಿಗೆ ಬಂದಿದೆ. ಒಬ್ಬಳದು ಶೇ 79, ಇನ್ನೊಬ್ಬಳದು ಶೇ 88. ಎರಡನೆಯವಳು ಅದರ ಕೆಳಗೆ, “ಸೈನ್ಸಿಗೆ ಅರ್ಜಿ ಹಾಕ್ಲೇನ್ರಿ ಅಕ್ಕ?” ಎಂದು ಬರೆದಿದ್ದಾಳೆ. ಅವಳೂ ನನಗೆ ಏನೂ ಆಗಬೇಕಿಲ್ಲ. ಹಾಕು ಅಂತ ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ಇಂತಿ,
ಹನ್ನೊಂದು ಮಂದಿಯ ಪರವಾಗಿ,
ಯಾದಗಿರಿ ಜಿಲ್ಲೆಯವಳೊಬ್ಬಳು, ಇಂಗ್ಲೆಂಡಿನಿಂದ